ಕೋಟೆ ಕ್ಲಬ್ಬಿನ ಮೊದಲ ಹೆಸರು

ಆ ಮನುಷ್ಯ ಬರುವುದು ಸುದ್ದಿಗಾಗಿಯೋ ತನಗಾಗಿಯೋ ಎಂಬುದು ಚನ್ನವೀರಮ್ಮನಿಗೆ ಮೂರನೆಯ ಮಂಗಳವಾರವೂ ಬಗೆಹರಿಯಲಿಲ್ಲ.

ನಾಲ್ಕು ಗಂಟೆಗೆ ಸರಿಯಾಗಿ ಬಾಗಿಲ ಮುಂದೆ ಸೈಕಲ್ ನಿಂತಿತು. "ಮಾಸ್ತರು ಅದಾರೇನ್ರಿ?" ಎಂಬ ದನಿಯೂ ಬಂತು. ಮಾಸ್ತರು ಆ ಹೊತ್ತಿನಲ್ಲಿ ಆಟದ ಮೈದಾನದಲ್ಲಿರುತ್ತಾರೆಂಬುದು ಇಡೀ ಬಳ್ಳಾರಿಗೆ ಗೊತ್ತು. ವಾರಪತ್ರಿಕೆಯ ವರದಿಗಾರ ವಿರೂಪಾಕ್ಷಪ್ಪನೊಬ್ಬನಿಗೆ ಗೊತ್ತಿಲ್ಲ ಅಂದರೆ ಯಾರು ನಂಬಬೇಕು?

"ಇಲ್ರಿ. ಮೈದಾನಕ್ಕ ಹೋಗ್ಯಾರ."

"ಹೌದೇನು?" ಎಂದು ಅವನು ಆಶ್ಚರ್ಯಪಟ್ಟ. ಹೋದ ವಾರವೂ ಇಷ್ಟೇ ಚೆನ್ನಾಗಿ ಆಶ್ಚರ್ಯಪಟ್ಟಿದ್ದ. "ಹಂಗಾದ್ರ ಸ್ವಲ್ಪ ಕುಂತು ಹೋಗ್ಲೇನ್ರಿ? ಬಿಸಿಲು ಭಾಳ ಐತಿ."

ಜನವರಿಯ ಬಿಸಿಲು! ಒಳಗಿನಿಂದ ಸೋದರತ್ತೆ ವೀರಭದ್ರಮ್ಮ ಕೆಮ್ಮಿದಳು. ಆ ಕೆಮ್ಮಿಗೆ ಗಂಟಲಿನ ಸಂಬಂಧ ಏನೂ ಇರಲಿಲ್ಲ.

ಅವನು ಬರುವುದಕ್ಕೆ ಕಾರಣವೇನೋ ಇತ್ತು. ಊರಲ್ಲಿ ಐದು ಬಾಲ್ ಬ್ಯಾಡ್ಮಿಂಟನ್ ಕ್ಲಬ್ಬುಗಳಿದ್ದವು. ಪ್ರತಿ ವರ್ಷ ಸಂಕ್ರಾಂತಿ ಕಳೆದ ಭಾನುವಾರ ಸುತ್ತಲ ಹಳ್ಳಿಗಳ ಹೊಸ ಆಟಗಾರರೆಲ್ಲ ಮೈದಾನದಲ್ಲಿ ಬಂದು ನಿಲ್ಲಬೇಕು; ಕ್ಲಬ್ಬುಗಳು ಸರದಿಯ ಪ್ರಕಾರ ಒಂದೊಂದೇ ಹೆಸರು ಕೂಗಿ ತಮ್ಮವರನ್ನಾಗಿ ಮಾಡಿಕೊಳ್ಳಬೇಕು. ಹಿಂದಿನ ವರ್ಷ ಎಲ್ಲರಿಗಿಂತ ಕೆಳಗೆ ಬಿದ್ದವರಿಗೆ ಮೊದಲ ಕೂಗು. ಎಪ್ಪತ್ನಾಲ್ಕನೇ ಇಸವಿಯಲ್ಲಿ ಆ ಗೌರವ, ಅದನ್ನು ಗೌರವ ಎನ್ನುವುದಾದರೆ, ಕೋಟೆ ಕ್ಲಬ್ಬಿನದಾಗಿತ್ತು. ಕೋಟೆಯವರ ಮೊದಲ ಹೆಸರು ಯಾರದು? ಹೋಟೆಲುಗಳಲ್ಲಿ ಒಗ್ಗರಣೆ ಮಿರ್ಚಿ ತಿನ್ನುವವರೆಲ್ಲ ಇದನ್ನೇ ಅಗಿಯುತ್ತಿದ್ದರು. ಕೆಲವರು ಸಿರಿಗೇರಿಯ ಹಾಲಸಿದ್ದಪ್ಪ ಅಂದರೆ ಕೆಲವರು ಬಾದನಹಟ್ಟಿಯ ದಾವಲಸಾಬ್ ಅನ್ನುತ್ತಿದ್ದರು. ನಿಜ ಗೊತ್ತಿದ್ದುದು ಕ್ಲಬ್ಬಿನ ಕಾರ್ಯದರ್ಶಿ ತಿಪ್ಪೇರುದ್ರಪ್ಪ ಮಾಸ್ತರಿಗೆ, ಮತ್ತು ಕಣ್ಣು ಮಂಜಾದ ಆ ತಂದೆಗೆ ಪಟ್ಟಿ ಬರೆದುಕೊಟ್ಟ ಮಗಳು ಚನ್ನವೀರಮ್ಮನಿಗೆ.

ಹಾಗಾಗಿ ಮಾಸ್ತರಿಲ್ಲದ ಹೊತ್ತು ನೋಡಿ ಬರುವುದಕ್ಕೆ ಎರಡು ಅರ್ಥ ಬರುತ್ತಿತ್ತು. ಒಂದು, ಅವನು ಅವಳನ್ನು ನೋಡಲು ಬರುತ್ತಾನೆ. ಇನ್ನೊಂದು, ಮಾಸ್ತರಿಗಿಂತ ಮಾಸ್ತರ ಮಗಳ ಬಾಯಿ ಬಿಡಿಸುವುದು ಸುಲಭ. ಬೆಳಿಗ್ಗೆ ಮೊದಲನೆಯದು ಖರೆ ಅನಿಸಿದರೆ ಮಧ್ಯಾಹ್ನ ಎರಡನೆಯದು ಖರೆ ಅನಿಸುತ್ತಿತ್ತು. ಸಂಜೆ ತಲೆ ನೋಯುತ್ತಿತ್ತು.

ಅವಳು ಹಬ್ಬದಲ್ಲಿ ಉಳಿದ ಶೇಂಗಾ ಹೋಳಿಗೆ ತಂದಿಟ್ಟಳು. ಅವನು ತಟ್ಟೆ ನೋಡಿದ. ತಟ್ಟೆಯಿಂದ ಬಳೆ, ಬಳೆಯಿಂದ ಮುಖ. ಮುಖಕ್ಕೆ ಬಂದ ಕಣ್ಣು ಅಲ್ಲಿ ನಿಲ್ಲಲಾರದೆ ಗೋಡೆಯ ಕ್ಯಾಲೆಂಡರಿಗೆ ಹಾರಿತು. ಕ್ಯಾಲೆಂಡರಿನಲ್ಲಿ ಇನ್ನೂ ಡಿಸೆಂಬರ್ ಇತ್ತು. ಅದನ್ನೂ ಅವನು ಬಹಳ ಹೊತ್ತು ಓದಿದ.

"ನಿಮ್ಮ ಗದಗಿನ ಕಡೆ ಹೋಳಿಗಿ ಹಿಂಗ ಮಾಡ್ತಾರೇನ್ರಿ?" ಎಂದು ಕೇಳಿದಳು.

"ನಮ್ಮವ್ವ ಇನ್ನೂ ದಪ್ಪ ಮಾಡ್ತಾಳ್ರಿ. ಇದು ಚಲೋ ಐತಿ. ಇದು ಭಾಳ..." ಎಂದವನು ಹೋಳಿಗೆ ನುಂಗಿ, "ಅಂದಂಗ, ಪಟ್ಟಿ ತಯಾರಾತೇನ್ರಿ?" ಎಂದ.

ಹೋಯಿತು! ಮತ್ತೆ ಪಟ್ಟಿ. ಅವಳಿಗೆ ಅಳು ಬರುವಷ್ಟು ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಒಂದು ಯೋಚನೆ ಹೊಳೆಯಿತು: ಹೆಸರು ಹೇಳಿಯೇಬಿಟ್ಟರೆ? ಸುದ್ದಿಗೆ ಬರುವವನಾದರೆ ಇವತ್ತಿಗೆ ಮುಗಿಯಿತು. ಮುಂದಿನ ಮಂಗಳವಾರವೂ ಸೈಕಲ್ ಬಂದರೆ, ಅದು ತನಗಾಗಿ. ಅಪ್ಪನ ಗುಟ್ಟು ಒಡೆಯುವುದು ತಪ್ಪೆಂದು ಗೊತ್ತಿತ್ತು. ಆದರೆ ಇಪ್ಪತ್ತೆರಡು ವರ್ಷದ ಹುಡುಗಿ ಎಷ್ಟು ಮಂಗಳವಾರ ತಡೆದುಕೊಂಡಾಳು?

ಇಲ್ಲಿ ಮಾಸ್ತರ ಭಾಷೆಯ ಬಗ್ಗೆ ಒಂದು ಮಾತು ಹೇಳಬೇಕು. ಅವರು ಆದೋನಿಯಲ್ಲಿ ಆಟ ಕಲಿತವರು. ಊಟ, ಪೂಜೆ, ಜಗಳ ಎಲ್ಲ ಕನ್ನಡದಲ್ಲಿ; ಆಟ ಮಾತ್ರ ತೆಲುಗಿನಲ್ಲಿ. ಎಡಗಡೆ ಆಡುವವನು 'ಎಡಮ', ಬಲಗಡೆ ಆಡುವವನು 'ಕುಡಿ'. ಮನೆಯವರ ಬಾಯಿಗೂ ಅದೇ ರೂಢಿಯಾಗಿತ್ತು. ಕೋಟೆ ಕ್ಲಬ್ಬಿನ ಬಲಗಡೆಯ ಆಟಗಾರ ಗುಂತಕಲ್ಲಿಗೆ ವರ್ಗವಾಗಿ ಹೋಗಿ, ಅವರಿಗೆ ಈಗ ಬೇಕಾಗಿದ್ದದ್ದೇ ಒಬ್ಬ ಕುಡಿ.

ಅವಳು ಅಡಿಗೆಮನೆಯ ಕಡೆ ಒಮ್ಮೆ ನೋಡಿ, ದನಿ ಇಳಿಸಿ, ಒಂದೇ ಉಸಿರಿಗೆ ಹೇಳಿದಳು: "ಸಿರಿಗೇರಿ ಹಾಲಸಿದ್ದಪ್ಪ ಅದಾನಲ್ರಿ, ಅವಂದು ಕುಡಿ ಅಂತ ಅಪ್ಪಾರು ಅಂದ್ರು. ಇನ್ನ ನೀವ ತಿಳ್ಕೋರಿ."

"ಚನ್ನೀ, ಹಾಲು ಉಕ್ಕತೈತಿ!" ಎಂದು ಅತ್ತೆ ಕೂಗಿದಳು. ಅವಳು ಒಳಗೆ ಓಡಿದಳು. ತಿರುಗಿ ಬರುವಷ್ಟರಲ್ಲಿ ಅವನು ಸೈಕಲ್ ಹತ್ತಿ ಹೋಗಿದ್ದ. ಹೋಳಿಗೆ ಅರ್ಧ ಉಳಿದಿತ್ತು.

ಶುಕ್ರವಾರ ಪತ್ರಿಕೆ ಬಂತು. ಅತ್ತೆ ಓದಲು ಕೊಟ್ಟಳು, ಚನ್ನವೀರಮ್ಮ ಓದಿದಳು, ಮತ್ತೆ ಓದಿದಳು. 'ಕೋಟೆಯವರ ಮೊದಲ ಹೆಸರು ಬಾದನಹಟ್ಟಿಯ ದಾವಲಸಾಬ್ ಆಗುವ ಸಂಭವವಿದೆ. ಸಿರಿಗೇರಿಯ ಹಾಲಸಿದ್ದಪ್ಪ ಒಳ್ಳೆಯ ಆಟಗಾರನಾದರೂ ಆತನಿಗೆ ಕುಡಿತದ ಅಭ್ಯಾಸವಿದೆಯೆಂದು ಬಲ್ಲವರು ಹೇಳುತ್ತಾರೆ.'

ಯಾವ ಬಲ್ಲವರು? ತಾನು ಹೇಳಿದ್ದೇನು, ಇವನು ಬರೆದದ್ದೇನು! ಬೇಕೆಂದೇ ತಿರುಚಿದನೇ? ತನ್ನನ್ನು ಕೇಳಿ, ತನ್ನ ಹೋಳಿಗೆ ತಿಂದು, ತಾನು ಹೇಳಿದ್ದಕ್ಕೆ ತದ್ವಿರುದ್ಧ ಬರೆಯಬೇಕಾದರೆ ಅವನಿಗೆ ತನ್ನ ಮೇಲೆ ಎಂಥ ದ್ವೇಷವಿರಬೇಕು? ದ್ವೇಷವಿದ್ದವನು ಬಳೆಯನ್ನು ಹಾಗೆ ನೋಡುತ್ತಾನೆಯೇ?

ಶನಿವಾರ ಬೆಳಿಗ್ಗೆ ಸಿರಿಗೇರಿಯ ಮೊದಲ ಬಸ್ಸಿಗೆ ಹಾಲಸಿದ್ದಪ್ಪನ ತಾಯಿ ಸುಂಕಮ್ಮ ಪತ್ರಿಕೆ ಹಿಡಿದುಕೊಂಡು ಬಂದಳು.

"ಮಾಸ್ತರ, ನನ್ನ ಮಗ ಚಹಾ ಸೈತ ಮುಟ್ಟಂಗಿಲ್ಲ. ಕುರುಗೋಡು ಬೀಗರು ನಿಶ್ಚಯ ಮುರೀತೀವಿ ಅಂತ ಹೇಳಿ ಕಳಿಸ್ಯಾರ. ಬಲ್ಲವರು ಅಂದ್ರ ಯಾರ್ರಿ? ನಿಮ್ಮ ಕ್ಲಬ್ಬಿನೋರೇನು?"

ಮಾಸ್ತರು ಕೆಂಪಾದರು. "ನನ್ನ ಬಾಯಿಂದ ಅಂಥ ಮಾತು ಬಂದಿಲ್ಲವ್ವಾ. ಯಾರು ಹೇಳ್ಯಾರೋ ನಾಳಿಗೆ ಗೊತ್ತು ಮಾಡ್ತೀನಿ."

ಬಾಗಿಲ ಹಿಂದೆ ನಿಂತಿದ್ದ ಚನ್ನವೀರಮ್ಮ ಚಪ್ಪಲಿ ಮೆಟ್ಟಿ ಹಿತ್ತಲ ಬಾಗಿಲಿನಿಂದ ಹೊರಬಿದ್ದಳು.

ಪತ್ರಿಕೆಯ ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುವ ಗೌಸಸಾಬ್ ಒಬ್ಬನೇ ಕೆಲಸ ಮಾಡುತ್ತಿದ್ದ. ಮೂಲೆಯ ಮೇಜಿನಿಂದ ವಿರೂಪಾಕ್ಷಪ್ಪ ಎದ್ದು ನಿಂತ. ಮುಖದಲ್ಲಿ ಮೊದಲು ಸಂತೋಷ ಕಾಣಿಸಿತು, ಆಮೇಲೆ ಅವಳ ಮುಖ ನೋಡಿ ಗಾಬರಿ.

"ನಾ ನಿಮಗೇನು ಮಾಡಿದ್ದೆ?" ಎಂದಳು.

"ನೀವಽ ಹೇಳಿದ್ರಲ್ರಿ, ಅವಂದು ಕುಡಿ ಅಂತ."

"ಹೌದು, ಕುಡಿ ಅಂದೆ. ಕುಡಿತ ಅಂದೆನೇನು?"

"ಅತ್ತೆಯವರು ಒಳಗಿದ್ರು, ಅವರಿಗೆ ಕೇಳಬಾರದಂತ ಮಾತು ಅರ್ಧಕ್ಕ ನುಂಗಿದ್ರಿ ಅಂತ ತಿಳಕೊಂಡೆ. ಎರಡಕ್ಕೂ ಏನ್ರಿ ಫರಕು?"

ಅವಳು ಬಲಗೈ ಎತ್ತಿ ಅವನ ಮೂಗಿನ ಮುಂದೆ ಹಿಡಿದಳು. "ಇದು ಯಾವ ಕೈ?"

"ಬಲಗೈ."

"ನಮ್ಮಪ್ಪಾರಿಗೆ ಅದು ಕುಡಿ! ಬಲಗಡಿ ಆಡೋನು ಕುಡಿ!"

ಗೌಸಸಾಬನ ಕೈಯಿಂದ ಮೊಳೆಗಳು ಚೆಲ್ಲಿದವು. "ಯಾ ಅಲ್ಲಾ! ಸಾಹೇಬ್ರ, ಬಳ್ಳಾರಿಯಾಗ ಕೂಸಿಗೂ ಗೊತ್ತೈತಲ್ರಿ. ನನ್ನ ಒಂದು ಮಾತು ಕೇಳಬಾರದೇನು? ನೀವು ಕುಡಿತ ಅಂತ ಬರದಿದ್ರಿ, ನಾ ಕುಡಿತ ಅಂತ ಜೋಡಿಸಿದೆ!"

ವಿರೂಪಾಕ್ಷಪ್ಪ ಕುರ್ಚಿಯ ಮೇಲೆ ಕುಸಿದ. ಅವನ ಮುಖ ನೋಡಿ ಅವಳ ಸಿಟ್ಟು ಅರ್ಧ ಇಳಿಯಿತು. ಇಳಿಯಬಾರದಿತ್ತು ಎಂದು ಮತ್ತೆ ಸಿಟ್ಟಾದಳು. ಅವನು ಮೇಜಿನ ಖಾನೆ ಎಳೆದು ಒಂದು ಹಾಳೆ ಹುಡುಕಿ ಕೊಟ್ಟ. ಅವನದೇ ಅಕ್ಷರ. 'ಕೋಟೆಯವರ ಮೊದಲ ಹೆಸರು ಸಿರಿಗೇರಿಯ ಹಾಲಸಿದ್ದಪ್ಪ. ಬಲಗಡೆಗೆ ಇವನನ್ನು ಬಿಟ್ಟರೆ ಅವರಿಗೆ ಗತಿಯಿಲ್ಲ.' ಅದರ ಮೇಲೆ ಅಡ್ಡಗೀಟು. ಕೆಳಗೆ ತಾರೀಖು: ಡಿಸೆಂಬರ್ ಇಪ್ಪತ್ತೆಂಟು.

"ಸಿರುಗುಪ್ಪದಾಗ ಅವನ ಆಟ ನೋಡಿದ್ದೆ," ಎಂದ ಮೆಲ್ಲಗೆ. "ಅವತ್ತಽ ಬರದಿಟ್ಟಿದ್ದೆ. ನೀವು ಹೇಳಿದ ಮ್ಯಾಲೆ ಹೊಡದು ಹಾಕಿದೆ."

"ನಿಮ್ಮ ಕಣ್ಣಿಲೆ ನೋಡಿದ್ದನ್ನ ಯಾಕ ಹೊಡದ್ರಿ?"

"ನೀವು ಹೇಳಿದ್ರಲ್ಲ. ನನ್ನ ಕಣ್ಣಿಗಿಂತ ನಿಮ್ಮ ಮಾತು ಹೆಚ್ಚು ಅನಿಸ್ತು."

ಅವಳು ತಾರೀಖನ್ನು ಇನ್ನೊಮ್ಮೆ ನೋಡಿದಳು. ಇವನು ಮೊದಲ ಸಲ ಮನೆಗೆ ಬಂದದ್ದು ಜನವರಿ ಒಂದಕ್ಕೆ.

"ಹಂಗಾದ್ರ ಹೆಸರು ನಿಮಗ ಮೊದ್ಲಽ ಗೊತ್ತಿತ್ತು."

"ಗೊತ್ತಿತ್ತು."

"ಗೊತ್ತಿದ್ದೂ ಮೂರು ಮಂಗಳವಾರ ಬಂದ್ರಿ."

"ಬಂದೆ."

"ಎದಕ್ಕ?"

ಗೌಸಸಾಬ್ ನೆಲದ ಮೇಲಿನ ಮೊಳೆ ಆರಿಸುವುದನ್ನೂ ನಿಲ್ಲಿಸಿ ಕಿವಿಗೊಟ್ಟ. ವಿರೂಪಾಕ್ಷಪ್ಪ ಅವಳನ್ನು ನೋಡಿದ. ಈ ಸಲ ಕಣ್ಣು ಎಲ್ಲಿಗೂ ಹಾರಲಿಲ್ಲ. ಅವಳದೇ ನೆಲಕ್ಕೆ ಇಳಿಯಿತು.

"ಈಗ ಹೇಳಿದ್ರ ಅದು ತಪ್ಪಿಸಿಕೊಳ್ಳಾಕ ಹೇಳಿದಂಗ ಆಗತೈತ್ರಿ. ಮೊದ್ಲು ಕುರುಗೋಡಿಗೆ ಹೋಗಿ ಆ ಬೀಗರ ಕೈಕಾಲು ಹಿಡೀತೀನಿ. ಅಲ್ಲಿಂದ ಸಿರಿಗೇರಿಗೆ," ಎಂದು ಅವನು ಹೊರಟೇಬಿಟ್ಟ.

ಉತ್ತರ ಸಿಕ್ಕಿತೇ, ಸಿಗಲಿಲ್ಲವೇ? ಮನೆಯ ದಾರಿಯುದ್ದಕ್ಕೂ ಅವಳಿಗೆ ಅದೇ ತಿಳಿಯಲಿಲ್ಲ. ಎದೆ ಮಾತ್ರ ತಿಳಿದವರ ಹಾಗೆ ಬಡಿದುಕೊಳ್ಳುತ್ತಿತ್ತು.

ಭಾನುವಾರ ಮೈದಾನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಚನ್ನವೀರಮ್ಮ ಅತ್ತೆಯ ಪಕ್ಕ ಹೆಂಗಸರ ಸಾಲಿನಲ್ಲಿ ಕುಳಿತಿದ್ದಳು. ವಿರೂಪಾಕ್ಷಪ್ಪ ಹಾಲಸಿದ್ದಪ್ಪನ ಜೊತೆಯಲ್ಲೇ ಬಂದ. ಅವರ ಹಿಂದೆ ಕುರುಗೋಡಿನ ಬೀಗ ಗಾದಿಲಿಂಗಪ್ಪ ಮೀಸೆಯಲ್ಲೇ ನಗುತ್ತ ಬಂದ. ಅವನಿಗೆ ಕಥೆಯೆಲ್ಲ ಗೊತ್ತಾದಂತಿತ್ತು.

ವಿರೂಪಾಕ್ಷಪ್ಪ ಎಲ್ಲರ ಮುಂದೆ ಕೈಮುಗಿದ. "ಈ ಹುಡುಗ ಕುಡಿಯಂಗಿಲ್ರಿ. ಒಂದು ತೆಲುಗು ಮಾತು ನನಗ ತಿಳೀಲಿಲ್ಲ. ಹೇಳಿದವರ ತಪ್ಪಿಲ್ಲ, ಕೇಳಿದ ನನ್ನ ಕಿವಿದು ತಪ್ಪು. ಮುಂದಿನ ಪತ್ರಿಕಿಯಾಗ ಇದನ್ನಽ ಬರೀತೀನಿ."

ಕುಡಿ, ಕುಡಿತ ಎಂದು ಯಾರೋ ಬಿಡಿಸಿ ಹೇಳಿದರು. ಜನ ಹೊಟ್ಟೆ ಹಿಡಿದು ನಕ್ಕರು. ಮಾಸ್ತರು ನಗಲಿಲ್ಲ.

"ಆಟದಾಗ ಕುಡಿ ಅನ್ನೋದು ನನ್ನ ಮನಿ, ನನ್ನ ಮೈದಾನದ ಮಾತು. ನಿಮಗ ಯಾರು ಹೇಳಿದ್ರು?"

ವಿರೂಪಾಕ್ಷಪ್ಪ ತಲೆ ತಗ್ಗಿಸಿದ. "ಅದನ್ನ ಹೇಳಂಗಿಲ್ರಿ."

ಮಾಸ್ತರ ಕಣ್ಣು ಮೈದಾನ ಸುತ್ತಿ, ಇಪ್ಪತ್ತು ವರ್ಷದಿಂದ ಕೋರ್ಟಿಗೆ ಸುಣ್ಣದ ಗೆರೆ ಎಳೆಯುತ್ತಿದ್ದ ಓಬಣ್ಣನ ಮೇಲೆ ನಿಂತಿತು. "ಓಬಣ್ಣಾ, ನೀನೇನೋ?"

ಓಬಣ್ಣ ಕೈಯ ಸುಣ್ಣದ ಬುಟ್ಟಿ ಕೆಳಗಿಟ್ಟ. ಚನ್ನವೀರಮ್ಮ ಎದ್ದು ನಿಂತಳು. ಅತ್ತೆ ಸೆರಗು ಹಿಡಿದು ಜಗ್ಗಿದಳು. ಆದರೂ ಅವಳು ಕೂಡಲಿಲ್ಲ.

"ಅಪ್ಪಾರ, ಹೇಳಿದಾಕಿ ನಾನು."

ಯಾಕೆ ಹೇಳಿದೆ ಎಂದು ಮಾಸ್ತರು ಕೇಳಲಿಲ್ಲ. ಮಗಳನ್ನು ನೋಡಿದರು, ವರದಿಗಾರನನ್ನು ನೋಡಿದರು, ಕನ್ನಡಕ ತೆಗೆದು ಒರೆಸಿದರು. ಅದನ್ನು ಮತ್ತೆ ಹಾಕಿಕೊಳ್ಳದೆಯೇ ಕೂಗಿದರು: "ಕೋಟೆ ಕ್ಲಬ್ಬಿನ ಮೊದಲ ಹೆಸರು, ಸಿರಿಗೇರಿ ಹಾಲಸಿದ್ದಪ್ಪ!"

ಎರಡು ದಿನ ಅವರು ಮಗಳ ಜೊತೆ ಮಾತಾಡಲಿಲ್ಲ. ಮಂಗಳವಾರ ಮಧ್ಯಾಹ್ನ ಮೈದಾನಕ್ಕೂ ಹೋಗದೆ ಪಡಸಾಲೆಯಲ್ಲಿ ಕುರ್ಚಿ ಹಾಕಿಕೊಂಡು ಕುಳಿತರು. ಚನ್ನವೀರಮ್ಮ ಒಳಗೆ ಅಕ್ಕಿ ಆರಿಸುತ್ತಿದ್ದಳು. ಕಲ್ಲು ಉಳಿಸಿ ಅಕ್ಕಿ ಎಸೆಯುತ್ತಿದ್ದಳು. ಹೆಸರು ಕೂಗಿಯಾಯಿತು, ಸುದ್ದಿ ಹಳತಾಯಿತು. ಇನ್ನು ಯಾರು ಬರುತ್ತಾರೆ? ಅದೂ ಅಪ್ಪ ಮನೆಯಲ್ಲಿರುವಾಗ?

ನಾಲ್ಕಕ್ಕೆ ಸೈಕಲ್ ನಿಂತಿತು.

"ಮಾಸ್ತರು..." ಎಂದವನು ಮಾಸ್ತರನ್ನೇ ಎದುರಿಗೆ ಕಂಡು ತಡವರಿಸಿದ.

"ಅದೀನಿ. ಬರ್ರಿ," ಎಂದರು ತಿಪ್ಪೇರುದ್ರಪ್ಪನವರು. "ಇನ್ಯಾವ ಹೆಸರು ಬೇಕಾಗಿತ್ತು?"

ವಿರೂಪಾಕ್ಷಪ್ಪ ಚಪ್ಪಲಿ ಬಿಟ್ಟು ಒಳಗೆ ಬಂದ. ಕೂಡಲಿಲ್ಲ. "ಹೆಸರಿಗೆ ನಾ ಎಂದೂ ಬಂದಿಲ್ರಿ. ಮೂರು ವಾರ ಸುಳ್ಳು ಹೇಳಿ ಬಂದೀನಿ. ಇವತ್ತು ಖರೆ ಹೇಳಾಕ ಬಂದೆ. ಚನ್ನವೀರಮ್ಮಾರನ್ನ ನನಗ ಕೊಡ್ರಿ ಅಂತ ಕೇಳಾಕ ಬಂದೀನಿ."

"ನನ್ನ ಗುಟ್ಟು ನಿಮ್ಮ ಕೈಯಾಗ ಇಟ್ಟಳು. ಮಂದಿ ಮುಂದ ನಾ ಕೇಳಿದ್ರೂ ನೀವು ಆಕಿ ಹೆಸರು ಹೇಳಲಿಲ್ಲ," ಎಂದರು ಮಾಸ್ತರು. ಆಮೇಲೆ ಒಳಗಿನ ಬಾಗಿಲ ಕಡೆ ತಿರುಗಿ, "ಚನ್ನೀ, ನೀ ಏನಂತೀ?" ಎಂದರು.

ಮೂರು ವಾರದಿಂದ ಯಾವುದೂ ತಿಳಿಯದೆ ಒದ್ದಾಡಿದವಳಿಗೆ ಈ ಪ್ರಶ್ನೆಯಲ್ಲಿ ತಿಳಿಯದಿರುವಂಥದ್ದು ಏನೂ ಇರಲಿಲ್ಲ. ಅವಳು ಬಾಗಿಲಿಗೆ ಬಂದು, ಅಪ್ಪನನ್ನು ಬಿಟ್ಟು ನೇರವಾಗಿ ಅವನನ್ನೇ ಕೇಳಿದಳು.

"ಗದಗಿಂದ ನಿಮ್ಮವ್ವಾರನ್ನ ಯಾವಾಗ ಕರಕೊಂಡು ಬರ್ತೀರಿ?"