ಲಿವರ್‌ಪೂಲ್ ಹಡಗಿನ ಮಾತು

ಇಗರ್ಜಿಯ ಮುಂದಿನ ದೀಪದ ಕಂಬಕ್ಕೆ ಏಣಿ ಹಾಕಿ, ತುದಿಯಲ್ಲಿ ನಿಂತು ಫಲಕ ಕಟ್ಟುತ್ತಿದ್ದವನು... ಫಿಂಟನ್!

ಡರ್ವಲಾ ತನ್ನ ಬೇಕರಿಯ ಬಾಗಿಲಲ್ಲೇ ಕಲ್ಲಾದಳು. ಫಲಕದಲ್ಲಿ ಗರ್ಭದೊಳಗಿನ ಕೂಸಿನ ಚಿತ್ರ. ಕೆಳಗೆ 'ಕಾನೂನು ಬದಲಿಸಬೇಡಿ' ಎಂಬ ದಪ್ಪಕ್ಷರ.

"ಏ ಡರ್ವಲಾ! ನೆಟ್ಟಗಿದೆಯಾ ನೋಡೇ!"

"ನಿನ್ನ ಕಣ್ಣಿಗೇನಾಗಿದೆ?" ಎಂದವಳೇ ಬಾಗಿಲು ಹಾಕಿಕೊಂಡಳು.

ಜೂನ್‌ನಲ್ಲಿ ಅವರ ಮದುವೆ. ಅದಕ್ಕೂ ಮುಂಚೆ ಅವನಿಗೊಂದು ಮಾತು ಹೇಳಲೇಬೇಕಿತ್ತು. ಐರ್ಲೆಂಡಿನಲ್ಲಿ ಗರ್ಭ ತೆಗೆಸುವುದು ಅಪರಾಧ. ಹತ್ತೊಂಬತ್ತರ ವಯಸ್ಸಿನಲ್ಲಿ ಅವಳು ಅದಕ್ಕಾಗಿ, ಅಡ್ಡಿಯಿಲ್ಲದ ಇಂಗ್ಲೆಂಡಿಗೆ ಹೋಗಲು ಗುಟ್ಟಾಗಿ ಲಿವರ್‌ಪೂಲ್ ಹಡಗು ಹತ್ತಿದ್ದಳು.

'ಇವನಿಗೆ ಹೇಗೆ ಹೇಳಲಿ? ಹೇಳಿದರೆ ಉಳಿದಾನೆಯೇ...'

ಮೂರು ವಾರ ಅವಳು ಅವನ ಕಣ್ಣಿಗೇ ಬೀಳಲಿಲ್ಲ.

ಆ ಕಾನೂನು ಇರಬೇಕೋ ಬೇಡವೋ ಎಂದು ದೇಶವೇ ಮತ ಹಾಕುವ ಶುಕ್ರವಾರ ಬಂತು. ಶಾಲೆಯ ಅಂಗಳದಲ್ಲಿ ಉದ್ದನೆಯ ಸಾಲು. ಅವಳ ಮುಂದೆ ನೆರೆಮನೆಯ ಕನ್ಸೆಪ್ಟಾ ಅಜ್ಜಿ. ಮೈಮೇಲೆ ಭಾನುವಾರದ ಕೋಟು, ಕೈಯಲ್ಲಿ ಜಪಸರ.

"ಆ ಬೋರ್ಡು ನೋಡಿ ಹುಡುಗನ ಮೇಲೆ ಮುನಿಸಂತೆ? ಹುಚ್ಚಿ! ಸೇತುವೆ ಹತ್ರ ಇರೋ ಎದುರು ಕಡೆಯವರ ಬೋರ್ಡೂ ಅವನೇ ಕಟ್ಟಿದ್ದು. ಯಾರು ಕೇಳಿದ್ರೂ ಇಲ್ಲ ಅನ್ನಲ್ಲ. ಊರಿಗೆಲ್ಲ ಉದ್ದದ ಏಣಿ ಇರೋದು ಅವನೊಬ್ಬನ ಹತ್ರ ತಾನೇ?"

ಡರ್ವಲಾಗೆ ನಗು, ಅಳು ಒಟ್ಟಿಗೇ ಬಂದವು. "ಅಜ್ಜಿ... ನೀವು ಯಾವ ಕಡೆ?"

ಅಜ್ಜಿ ಜಪಸರದ ಮಣಿಯೊಂದನ್ನು ಸರಿಸಿದಳು.

"ಇಷ್ಟು ವರ್ಷ ಫಾದರ್ ಹೇಳಿದ ಕಡೆ. ಆದ್ರೆ ಮಗಳೇ, ದೇವದೂತ ಮರಿಯಮ್ಮನ ಹತ್ರ ಬಂದ, ನಿನ್ನ ಹೊಟ್ಟೇಲಿ ದೇವರ ಮಗ ಹುಟ್ತಾನೆ ಅಂದ, ಆಮೇಲೆ ಅವಳ ಉತ್ತರಕ್ಕೆ ಕಾದ. ದೇವರೇ ಕಾದ ಮೇಲೆ, ಹೆಣ್ಣನ್ನ ಕೇಳದೇ ಇರೋಕೆ ನಾವ್ಯಾರೇ?"

ಅಷ್ಟರಲ್ಲಿ ಇಗರ್ಜಿಯಲ್ಲಿ ನಡುಹಗಲಿನ ಪ್ರಾರ್ಥನೆಯ ಗಂಟೆ ಬಡಿಯಿತು.

ಇಡೀ ಸಾಲು ನಿಶ್ಶಬ್ದ! ಗಂಡಸರು ಟೋಪಿ ತೆಗೆದರು. ಕಾನೂನು ಬೇಕು ಎನ್ನುವವರ ತುಟಿಯಲ್ಲೂ ಬೇಡ ಎನ್ನುವವರ ತುಟಿಯಲ್ಲೂ ಅದೇ ಮರಿಯಮ್ಮನ ಪ್ರಾರ್ಥನೆ. ಡರ್ವಲಾಳ ಮೈ ಜುಮ್ಮೆಂದಿತು.

'ಅಂದು ನನ್ನನ್ನು ಹಡಗು ಹತ್ತಿಸಿದ್ದೂ ಇದೇ ದೇಶ. ಇಂದು ನನಗಾಗಿ ಬಿಸಿಲಲ್ಲಿ ನಿಂತಿರುವುದೂ ಇದೇ ದೇಶ...'

ಸಾಲಿನ ಕೊನೆಯಲ್ಲಿ ಫಿಂಟನ್ ಇದ್ದ. ಅವಳು ನೇರ ಅವನ ಬಳಿಗೇ ನಡೆದಳು.

"ಒಂಬತ್ತು ವರ್ಷದ ಹಿಂದೆ ನಾನು ಲಿವರ್‌ಪೂಲ್ ಹಡಗು ಹತ್ತಿದ್ದೆ, ಫಿಂಟನ್."

ಆ ಊರಿನಲ್ಲಿ ಅದಕ್ಕಿಂತ ಹೆಚ್ಚು ಬಿಡಿಸಿ ಹೇಳಬೇಕಿರಲಿಲ್ಲ. ಅವನ ಮುಖ ಬಿಳಿಚಿಕೊಂಡಿತು.

"ಒಬ್ಬಳೇನಾ?"

"ಒಬ್ಬಳೇ."

"ವಾಪಸ್ ಬರುವಾಗಲೂ?"

"ಹೂಂ..."

ಅವನ ಕಣ್ಣು ತುಂಬಿತು. "ಮನೆಗೆ ಬಂದ ಮೇಲೆ ಯಾರಾದ್ರೂ ಒಂದು ಲೋಟ ಚಹಾನಾದ್ರೂ ಕೊಟ್ರಾ ನಿಂಗೆ?"

"ಯಾರಿಗೂ ಗೊತ್ತೇ ಇರಲಿಲ್ವಲ್ಲೋ..."

"ವೋಟು ಹಾಕಿ ಬಾ. ನಾನು ಮಾಡಿಕೊಡ್ತೀನಿ."

"ಒಂಬತ್ತು ವರ್ಷ ತಡವಾಯ್ತು ಕಣೋ!"

"ಆಗಲಿ ಬಿಡೇ," ಎಂದು ಅವನು ಅವಳ ಕೈ ಹಿಡಿದ. "ಬಿಸಿಬಿಸಿಯಾಗೇ ಕೊಡ್ತೀನಿ."