ಎರಡು ಬೆರಳಗಲದ ಜಾಗ

ಕೊಡಚಾದ್ರಿಯ ನೆತ್ತಿಗಿಂತ ತುಸು ಕೆಳಗೆ, ಪಶ್ಚಿಮದ ಇಳಿಜಾರಿನಲ್ಲಿ, ಎರಡು ಬೆರಳಗಲದ ಟೇಪೊಂದು ಅಂಟಿಕೊಂಡಿತ್ತು. ಅಂಟಿಸಿದವಳು ಅಕ್ಷಯಾ. ಅದು ಯಾವ ಜಾಗವೆಂದು ಸುಘೋಷನಿಗೆ ನೋಡಿದ ಕೂಡಲೇ ಗೊತ್ತಾಯಿತು.

ಬೆಟ್ಟ ಮೇಜಿನ ಮೇಲಿತ್ತು. ಥರ್ಮೊಕೋಲು ಕೊರೆದು, ಪ್ಲಾಸ್ಟರ್ ಬಳಿದು, ಮಣ್ಣಿನ ಬಣ್ಣ ಹಚ್ಚಿದ ಎರಡೂವರೆ ಅಡಿಯ ಮಾದರಿ. ಬುಧವಾರ ಅವನು ಪಾಠ ಮಾಡುವ ರಿಪ್ಪನ್‌ಪೇಟೆಯ ಶಾಲೆಯಲ್ಲಿ ವಿಜ್ಞಾನ ವಸ್ತುಪ್ರದರ್ಶನ. ಬೆಟ್ಟದ ಹುಲ್ಲು ಮಳೆನೀರನ್ನು ಹೇಗೆ ಹಿಡಿದಿಡುತ್ತದೆ ಎಂದು ಮಕ್ಕಳು ಇದನ್ನಿಟ್ಟುಕೊಂಡು ವಿವರಿಸಬೇಕು. ಅಕ್ಷಯಾ ತೀರ್ಥಹಳ್ಳಿಯ ಕಾಲೇಜೊಂದರ ಫಿಸಿಕ್ಸ್ ಲ್ಯಾಬಿನಲ್ಲಿ ಇನ್‌ಸ್ಟ್ರಕ್ಟರ್. ಇಂಥ ಪುಟ್ಟ ಬೆಟ್ಟ, ಬಯಲು ಮಾಡುವುದು ಅವಳ ಹವ್ಯಾಸ. ಎಲ್ಲ ಮುಗಿದು ಹುಲ್ಲು ಮಾತ್ರ ಬಾಕಿಯಿತ್ತು. "ಹುಲ್ಲು ಹಾಕೋಕೆ ಎರಡು ಜನ ಬೇಕು, ಶನಿವಾರ ಮಧ್ಯಾಹ್ನ ಲ್ಯಾಬಿಗೆ ಬನ್ನಿ ಸರ್" ಎಂದು ಮೆಸೇಜು ಮಾಡಿದ್ದಳು.

ಕಳೆದ ಡಿಸೆಂಬರಿನಲ್ಲಿ, ನಿಜವಾದ ಬೆಟ್ಟದ ಅದೇ ಇಳಿಜಾರಿನಲ್ಲಿ, ಇಬ್ಬರೂ ತಮ್ಮ ತಮ್ಮ ವಿದ್ಯಾರ್ಥಿಗಳನ್ನು ಚಾರಣಕ್ಕೆ ಕರೆತಂದಿದ್ದ ದಿನ, ತನ್ನನ್ನು ಮದುವೆಯಾಗುತ್ತೀರಾ ಎಂದು ಅವನು ಅವಳನ್ನು ಕೇಳಿದ್ದ.

"ಯೋಚನೆ ಮಾಡಿ ಹೇಳ್ತೀನಿ" ಎಂದಿದ್ದಳು.

"ನಿಧಾನಕ್ಕೆ ಹೇಳಿ. ನಾನಾಗಿ ಮತ್ತೆ ಕೇಳಲ್ಲ" ಎಂದು ಮಾತು ಕೊಟ್ಟಿದ್ದ. ಮಾತಿನಂತೆ ಕೇಳಲಿಲ್ಲ. ಏಳು ತಿಂಗಳು ಕಳೆದಿದ್ದವು.

ಈಗ ಅದೇ ಜಾಗದ ಮೇಲೆ ಟೇಪು. ಹಾಳೆಯಲ್ಲಿ ತಪ್ಪಾದ ಸಾಲಿನ ಮೇಲೆ ಕಾಗದದ ಚೂರು ಅಂಟಿಸಿದ ಹಾಗೆ.

"ಎಂತ ಹಾಗೆ ನೋಡ್ತಿದೀರಿ? ಅಂಟು ಹಚ್ಚೋಣ್ವಾ?" ಎಂದಳು ಅಕ್ಷಯಾ. ಕನ್ನಡಕದ ಮೇಲಿನಿಂದ ಇಣುಕಿದ ಆ ನೋಟ ಅರೆಕ್ಷಣ ಅವನ ಮುಖದ ಮೇಲೆ ನಿಂತು, ಸರಕ್ಕನೆ ಕೆಳಗಿಳಿಯಿತು.

ಅವಳು ತೇವ ತಾಗದಂತೆ ವಸ್ತುಗಳನ್ನಿಡುವ ಡೆಸಿಕೇಟರಿನ ಗಾಜಿನ ಮುಚ್ಚಳ ಸರಿಸಿ ಹಸಿರು ಎಳೆಗಳ ಡಬ್ಬಿ ತೆಗೆದಳು. ಫ್ಲಾಕ್ ಎಂದು ಕರೆಯುವ, ಎರಡೇ ಮಿಲಿಮೀಟರ್ ಉದ್ದದ ನೈಲಾನ್ ಎಳೆಗಳು. ಜುಲೈ ತಿಂಗಳ ತೇವಕ್ಕೆ ಅವು ಮುದ್ದೆಗಟ್ಟುತ್ತವೆಂದು ಎರಡು ದಿನದಿಂದ ಸಿಲಿಕಾ ಜೆಲ್ ಜೊತೆ ಒಣಗಲು ಇಟ್ಟಿದ್ದಳು. ಅವುಗಳನ್ನು ಉದುರಿಸುವ ಯಂತ್ರವೂ ಅವಳದೇ ಕೈಕೆಲಸ. ಹಳೆಯ ಸೊಳ್ಳೆ ಬ್ಯಾಟಿನ ಸರ್ಕಿಟ್ಟಿನಿಂದ ಒಂದು ತಂತಿ ಟೀ ಸೋಸುವ ಸ್ಟೀಲ್ ಜಾಲರಿಗೆ, ಇನ್ನೊಂದು ಮೊಳೆಗೆ. ಮೊಳೆಯನ್ನು ಹಸಿ ಅಂಟಿಗೆ ಚುಚ್ಚಿ, ಬಟನ್ ಒತ್ತಿ ಜಾಲರಿ ಅಲ್ಲಾಡಿಸಿದರೆ, ಬೀಳುವ ಎಳೆಗಳೆಲ್ಲ ಸೆಟೆದು ನೆಟ್ಟಗೆ ನಿಲ್ಲುತ್ತವೆ. ಮೊಳೆ ದೂರವಾದರೆ ಅಡ್ಡಡ್ಡ ಮಲಗುತ್ತವೆ.

"ನಾನು ಜಾಲರಿ, ನೀವು ಮೊಳೆ. ಅಂಟಿಗೆ ಹತ್ತೇ ನಿಮಿಷ ಟೈಮು. ಆಮೇಲೆ ಕೆನೆ ಕಟ್ತದೆ, ಏನು ಮಾಡಿದ್ರೂ ಹಿಡಿಯಲ್ಲ."

ಟೇಪನ್ನು ಬಿಟ್ಟು ಸುತ್ತ ಬ್ರಶ್ಶಿನಿಂದ ಅಂಟು ಸವರಿ, ಮೊಬೈಲಿನಲ್ಲಿ ಹತ್ತು ನಿಮಿಷಕ್ಕೆ ಟೈಮರ್ ಇಟ್ಟಳು.

ಮೊದಲ ಎಳೆಗಳು ಇಳಿದವು. ಬೋಳು ಮಣ್ಣಿನ ಮೇಲೆ ಹುಲ್ಲು ಎದ್ದು ನಿಂತಿತು. ಸುಘೋಷ ಬಗ್ಗಿ ನೋಡುತ್ತಲೇ ಮೊಳೆ ಸರಿಸಲು ಹೋಗಿ ಶಾಕ್ ಹೊಡೆಸಿಕೊಂಡ.

"ಆಯ್!"

"ಬಟನ್ ಬಿಟ್ಟ ಮೇಲೆ ಮುಟ್ಟಿ ಅಂದಿದ್ನಲ್ಲ ಮಾರಾಯ್ರೆ!"

"ನೀವು ಬಿಟ್ರಿ ಅಂದ್ಕೊಂಡೆ."

"ಅಂದ್ಕೊಳ್ಳೋದು ಯಾಕೆ? ಕೇಳಬೇಕಪ್ಪ."

ಆ ಮಾತಿನ ತುದಿಯಲ್ಲಿ ಏನೋ ಚುಚ್ಚಿದಂತಾಯಿತು. ಆದರೆ ಅವಳು ಆಗಲೇ ತಲೆ ಬಗ್ಗಿಸಿದ್ದಳು. ಹಣೆಯ ಮೇಲೆ ಇಳಿದ ಕೂದಲಿಗೆ ಒಂದೆರಡು ಹಸಿರು ಎಳೆ ಹತ್ತಿಕೊಂಡಿತ್ತು. ತೆಗೆಯಲೆಂದು ಅವನ ಕೈ ಅರ್ಧ ಎದ್ದು, ಮತ್ತೆ ಮೊಳೆಗೆ ಮರಳಿತು.

ಬಾಗಿಲಲ್ಲಿ ಬೀಗದ ಗೊಂಚಲು ಸದ್ದಾಯಿತು. ಲ್ಯಾಬಿನ ಅಟೆಂಡರ್ ಹಾಲಮ್ಮ.

"ಇನ್ನೂ ಎಷ್ಟೊತ್ತು ಮೇಡಮ್ರೆ? ಬೀಗ ಹಾಕ್ಬೇಕಲ್ಲ."

"ಹತ್ತು ನಿಮಿಷ ಹಾಲಮ್ಮ."

"ಮೊನ್ನೆ ಆ ದೊಡ್ಡ ಬಯಲಿಗೆ ಒಬ್ರೇ ಕೂತು ಸರಸರ ಹುಲ್ಲು ಹಾಕಿದ್ರಿ. ಇವತ್ತು ಇಬ್ರು ಕೂತ್ರೂ ಆಗ್ಲಿಲ್ವಾ? ಒಳ್ಳೆ ಕಥೆ!" ಹಾಲಮ್ಮ ಸುಘೋಷನನ್ನು ಕಾಲಿನಿಂದ ತಲೆಯವರೆಗೆ ಅಳೆದು, ಸೆರಗು ಬಾಯಿಗೆ ಒತ್ತಿಕೊಂಡು ಹೋದಳು.

ಅಕ್ಷಯಾಳ ಕಿವಿ ಕೆಂಪಗಾಯಿತು. "ಆ ಬಯಲು ಸಪಾಟಾಗಿತ್ತು. ಬೆಟ್ಟಕ್ಕೆ ಎರಡು ಜನ ಬೇಕು" ಎಂದಳು, ಯಾರೂ ಕೇಳದಿದ್ದರೂ.

ಟೈಮರಿನಲ್ಲಿ ಏಳು ನಿಮಿಷವಿತ್ತು. ಈಗ ಹೇಳದಿದ್ದರೆ ಹೇಳಲು ಆಗುವುದಿಲ್ಲ ಎಂದುಕೊಂಡ ಸುಘೋಷ.

"ರಿಪ್ಪನ್‌ಪೇಟೆ ಬಿಡಬೇಕಾಯ್ತು ನಾನು. ಶಾಲೇಲಿ ಮಕ್ಕಳು ಕಮ್ಮಿ ಅಂತ ಹೆಚ್ಚುವರಿ ಮೇಷ್ಟ್ರ ಲಿಸ್ಟಿಗೆ ನನ್ನ ಹೆಸರು ಬಂದಿದೆ. ಸೋಮವಾರ ಶಿವಮೊಗ್ಗದಲ್ಲಿ ವರ್ಗಾವಣೆ ಕೌನ್ಸೆಲಿಂಗ್."

ಜಾಲರಿ ನಿಂತಿತು. "ಯಾವ ಊರು ಖಾಲಿ ಇದೆ?"

"ಎರಡೇ. ಒಂದು ಇಲ್ಲೇ ತೀರ್ಥಹಳ್ಳಿ ತಾಲೂಕಲ್ಲಿ. ಇನ್ನೊಂದು ಶಿಕಾರಿಪುರದಿಂದ ಆಚೆ."

"ಮತ್ತೆ?"

ಆ 'ಮತ್ತೆ'ಯಲ್ಲಿ ಏನಿದೆಯೆಂದು ಅವನು ಹುಡುಕಿದ. ಸಿಗಲಿಲ್ಲ. ಕಣ್ಣು ಟೇಪಿನ ಕಡೆಗೇ ಹೋಯಿತು. ಇಷ್ಟು ಸ್ಪಷ್ಟವಾಗಿ ಮುಚ್ಚಿಟ್ಟವಳು ಮತ್ತೇನು ಹೇಳಬೇಕು? ದಿನಾ ಸಂಜೆ ಇದೇ ಊರಿನ ಬಸ್‌ಸ್ಟ್ಯಾಂಡಿನಲ್ಲಿ ಇವಳಿಗೆ ಎದುರಾಗಿ, ನಮಸ್ಕಾರ ಹೇಳಿ, ಮುಂದೆ ಹೋಗಲು ತನ್ನಿಂದಾದೀತೇ?

"ಶಿಕಾರಿಪುರ ತಗೊಳ್ತೀನಿ ಅಂದ್ಕೊಂಡಿದೀನಿ."

ಬಟನ್ ಮೇಲಿದ್ದ ಅವಳ ಹೆಬ್ಬೆರಳು ಜಾರಿತು. ಮುಂದೆ ಉದುರಿದ ಎಳೆಗಳೆಲ್ಲ ಗಾಳಿಗೆ ಒರಗಿದ ಪೈರಿನಂತೆ ಅಡ್ಡ ಬಿದ್ದವು. ಒಂದು ಮಿಲಿಮೀಟರ್ ವ್ಯತ್ಯಾಸಕ್ಕೆ ಮೂರು ಸಲ ರೀಡಿಂಗ್ ತೆಗೆಸುವ ಅಕ್ಷಯಾ ಮಲಗಿದ ಹುಲ್ಲನ್ನು ಎಬ್ಬಿಸಲು ಹೋಗಲಿಲ್ಲ.

"ಒಳ್ಳೇದು" ಎಂದಳು ಕೊನೆಗೆ. "ಅಲ್ಲಿ ಮಳೆ ಕಮ್ಮಿ. ನಿಮ್ಮ ಕೊಡೆಗೆ ರೆಸ್ಟು."

ನಗಿಸಲು ಹೇಳಿದ್ದಳೇನೋ. ಯಾರೂ ನಗಲಿಲ್ಲ. ನಾಲ್ಕು ನಿಮಿಷ ಉಳಿದಿತ್ತು.

ಸುಘೋಷನೊಳಗೆ ಏನೋ ತೀರ್ಮಾನವಾಯಿತು. ಆಗದ ಮಾತಿಗೆ ಗುರುತಾದರೂ ಯಾಕೆ ಉಳಿಯಬೇಕು? ಉಗುರಿನಿಂದ ಟೇಪಿನ ಅಂಚು ಎಬ್ಬಿಸಿ ಕಿತ್ತುಬಿಟ್ಟ. ಬ್ರಶ್ ಎತ್ತಿಕೊಂಡು ಆ ಬೋಳು ಜಾಗದ ತುಂಬ ಅಂಟು ಬಳಿದ.

"ಏ, ಅಲ್ಲಿ ಬೇಡ! ಎಂತ ಮಾಡ್ತಿದೀರಿ ನೀವು?"

"ಬೋಳು ಉಳಿದ್ರೆ ಇಲ್ಲಿ ಏನಾಗಿತ್ತು ಅಂತ ಮಕ್ಕಳು ಕೇಳ್ತಾರೆ. ಹುಲ್ಲು ಹಾಕಿ ಮೇಡಮ್. ಮುಚ್ಚಿ ಹೋಗ್ಲಿ."

ಅಕ್ಷಯಾ ಜಾಲರಿ ಪಕ್ಕಕ್ಕಿಟ್ಟಳು. ಬಟ್ಟೆ ಹುಡುಕಲಿಲ್ಲ, ನೀರು ಹುಡುಕಲಿಲ್ಲ. ವೇಲಿನ ತುದಿಯನ್ನು ಬೆರಳಿಗೆ ಸುತ್ತಿ, ಹಸಿ ಅಂಟನ್ನು ಒರೆಸತೊಡಗಿದಳು. ಹಳದಿ ವೇಲು. ಡಿಸೆಂಬರಿನಲ್ಲಿ ಹೊದ್ದಿದ್ದೂ ಅದೇ. ಸುತ್ತಲಿನ ಹುಲ್ಲು ಕೆಡದಂತೆ ಮೂಲೆ ಮೂಲೆಯಿಂದ ಒರೆಸಿದಳು.

"ಹುಲ್ಲಿನ ಮೇಲೆ ಯಾವುದೂ ನಿಲ್ಲಲ್ಲ ಸರ್" ಎಂದಳು, ತಲೆ ಎತ್ತದೆ. "ಎಳೆ ಸಮೇತ ಕಿತ್ಕೊಂಡು ಬರ್ತದೆ. ಏನಾದ್ರೂ ನಿಲ್ಲಿಸ್ಬೇಕು ಅಂದ್ರೆ ಮೊದಲೇ ಟೇಪು ಹಾಕಿ ಜಾಗ ಬಿಟ್ಕೊಬೇಕು. ಅದಕ್ಕೆ ಬಿಟ್ಟಿದ್ದು."

"ಏನು ನಿಲ್ಲಿಸೋಕೆ?"

ಅವಳು ಡ್ರಾಯರ್ ಎಳೆದು ಒಂದು ಬೆಂಕಿಪೊಟ್ಟಣವನ್ನು ಅವನ ಮುಂದೆ ತಳ್ಳಿದಳು. ಒಳಗೆ ಹತ್ತಿಯ ಮೇಲೆ, ಕಡ್ಡಿಯ ಅರ್ಧದಷ್ಟು ಎತ್ತರದ ಎರಡು ಗೊಂಬೆ. ಒಂದಕ್ಕೆ ಹಳದಿ ವೇಲು. ಇನ್ನೊಂದರ ಕೈಯಲ್ಲಿ ಕಪ್ಪು ಕೊಡೆ.

ಡಿಸೆಂಬರಿನ ಬಿಸಿಲಲ್ಲಿ ಕೊಡೆ ಹಿಡಿದು ಬೆಟ್ಟ ಹತ್ತಿದ್ದಕ್ಕೆ ದಾರಿಯುದ್ದಕ್ಕೂ ಇಬ್ಬರ ವಿದ್ಯಾರ್ಥಿಗಳೂ ನಕ್ಕಿದ್ದರು. ಎಲ್ಲರಿಗಿಂತ ಹೆಚ್ಚು ನಕ್ಕವಳು ಇವಳೇ.

"ಯಾವಾಗ ಮಾಡಿದ್ರಿ ಇದನ್ನ?"

"ಜನವರೀಲಿ."

"ಜನವರೀಲಿ! ಮತ್ತೆ ನಂಗೆ ಯಾಕೆ ಹೇಳ್ಲಿಲ್ಲ ಮಾರಾಯ್ತಿ?" ಬಹುವಚನ ಎಲ್ಲೋ ಬಿದ್ದುಹೋಗಿತ್ತು. ಇಬ್ಬರೂ ಗಮನಿಸಲಿಲ್ಲ.

"ಒಂದ್ಸಲ ಎರಡೇ ದಿನಕ್ಕೆ ಹೂಂ ಅಂದಿದ್ದೆ. ಆ ನಿಶ್ಚಿತಾರ್ಥ ಏನಾಯ್ತು ಅಂತ ನಿಮಗೆ ಗೊತ್ತುಂಟು. ಗಂಡಿನ ಕಡೆಯವರೇ ಮುರಿದ್ರು. ಈ ಸಲ ಪೂರ್ತಿ ಗಟ್ಟಿ ಆಗ್ಲಿ ಅಂತ ಕಾದೆ. ಗಟ್ಟಿ ಆಗೋ ಹೊತ್ತಿಗೆ ನೀವು ಸುದ್ದಿಯೇ ಎತ್ತಲ್ಲ! ಮನಸ್ಸು ಬದಲಾಯ್ತೇನೋ ಅಂದ್ಕೊಂಡೆ."

"ಮತ್ತೆ ಕೇಳಲ್ಲ ಅಂತ ಮಾತು ಕೊಟ್ಟಿದ್ನಲ್ಲ."

"ಅಷ್ಟೊಂದು ಮಾತು ಉಳಿಸ್ಕೊಳ್ಳಿ ಅಂತ ಯಾರು ಹೇಳಿದ್ರು ನಿಮಗೆ?" ಅವಳು ಕನ್ನಡಕ ತೆಗೆದು ಮಣಿಕಟ್ಟಿನಿಂದ ಕಣ್ಣೊರೆಸಿಕೊಂಡಳು. ಕೆನ್ನೆಗೂ ಹಸಿರು ಎಳೆ ಹತ್ತಿತು. "ಬಾಯಲ್ಲಿ ಹೇಳೋಕೆ ಬರ್ಲಿಲ್ಲ. ಇವತ್ತು ಪೊಟ್ಟಣ ನಿಮ್ಮ ಕೈಲೇ ಕೊಡೋಣ ಅಂತ ಕರೆಸಿದ್ದು. ನೀವು ನೋಡಿದ್ರೆ ಶಿಕಾರಿಪುರ!"

ಟೈಮರ್ ಬಡಿದುಕೊಂಡಿತು. ಇಬ್ಬರೂ ಬೆಚ್ಚಿದರು. ಅವಳು ಅದರ ಬಾಯಿ ಮುಚ್ಚಿಸಿದಳು. ಒಂದು ಮೂಲೆಯ ಅಂಟು ಆಗಲೇ ಕೆನೆಗಟ್ಟಿತ್ತು. ಅಲ್ಲಿನ ಹುಲ್ಲು ಮಲಗಿಯೇ ಉಳಿಯಿತು.

ಸುಘೋಷ ಕೈ ಚಾಚಿ ಅವಳ ಕೆನ್ನೆಯ ಎಳೆಯನ್ನು ತೆಗೆದ. ಈ ಸಲ ಕೈ ಅರ್ಧಕ್ಕೆ ನಿಲ್ಲಲಿಲ್ಲ.

"ಹಾಗಾದ್ರೆ ಮಾತು ಮುರೀತೀನಿ. ಅಕ್ಷಯಾ, ನನ್ನ ಮದುವೆ ಆಗ್ತೀಯಾ?"

"ಮೊದಲು ಅಂಟು ತಗೊಳ್ಳಿ" ಎಂದಳು ಅವಳು, ಅಳುವಿನ ನಡುವೆ ನಗು ಉಕ್ಕಿ. "ಒಂದೊಂದು ಹನಿ. ಜಾಸ್ತಿ ಆದ್ರೆ ಬುಡದಲ್ಲಿ ಕಾಣ್ತದೆ."

ಬೋಳು ಜಾಗದಲ್ಲಿ ಅವನು ಎರಡು ಹನಿ ಇಟ್ಟ. ಕೊಡೆಯವನನ್ನು ಅವಳು ನಿಲ್ಲಿಸಿದಳು, ವೇಲಿನವಳನ್ನು ಅವನು. ಬೀಳದಂತೆ ಹಿಡಿದು ನಿಂತರು. ಬೆರಳುಗಳು ಒಂದಕ್ಕೊಂದು ತಾಗಿದ್ದವು.

"ಸೋಮವಾರ ಏನು ಬರೀಬೇಕು ಅಂತ ಗೊತ್ತಾಯ್ತಲ್ಲ?" ಎಂದಳು ಪಿಸುಮಾತಿನಲ್ಲಿ.

"ನೀನು ಹೇಳು. ಇನ್ಮೇಲೆ ನಾನಾಗಿ ಏನೂ ಅಂದ್ಕೊಳ್ಳಲ್ಲ."

"ತೀರ್ಥಹಳ್ಳಿ ಅಂತ ಬರೀರಿ ಸುಘೋಷ."

ಸರ್ ಎನ್ನಲಿಲ್ಲ. ಅವನು ಅದನ್ನು ಮನಸ್ಸಿನಲ್ಲೇ ಮತ್ತೊಮ್ಮೆ ಕೇಳಿಕೊಂಡ.

ಬಾಗಿಲಲ್ಲಿ ಬೀಗದ ಗೊಂಚಲು ಮತ್ತೆ ಸದ್ದು ಮಾಡಿತು. "ಹುಲ್ಲು ಬೆಳೀತಾ ಮೇಡಮ್ರೆ, ಇಲ್ಲ ನಾಳೆ ಗೊಬ್ಬರ ತರ್ಲಾ?"

ಇಬ್ಬರೂ ಥಟ್ಟನೆ ಬೆರಳು ಹಿಂದಕ್ಕೆಳೆದರು. ಗೊಂಬೆಗಳು ನಿಂತವು. ಆದರೆ ಕೊಡೆಯವನು ನೆಟ್ಟಗಿರಲಿಲ್ಲ, ವೇಲಿನವಳ ಕಡೆಗೆ ಒಂದಿಷ್ಟು ವಾಲಿದ್ದ. ಸುಘೋಷ ಸರಿಪಡಿಸಲು ಕೈ ಮುಂದೆ ಮಾಡಿದ.

ಅಕ್ಷಯಾ ಆ ಕೈಯನ್ನು ಹಿಡಿದುಕೊಂಡಳು.

"ಬಿಡಿ" ಎಂದಳು. "ಹಾಗೇ ಒಣಗ್ಲಿ."