ಮಾರಾಟಕ್ಕಿಲ್ಲದ ಅಪ್ಪುಗೆ

ಸಹಿ ಹಾಕುವುದಿಲ್ಲ ಎಂದನಂತೆ. ಏಕೆ ಎಂದು ಕೇಳಿದರೆ ಅದಕ್ಕೆ ಉತ್ತರವೂ ಇಲ್ಲವಂತೆ. ಕ್ಯಾಪ್ಟನ್ ಬಂದು ಹೀಗೆ ಹೇಳಿದಾಗ ಸೂತ್ರಮ್ಮ ಕೈಯಲ್ಲಿದ್ದ ಕಾಫಿ ಲೋಟವನ್ನು ಮೇಜಿನ ಮೇಲೆ ಕುಕ್ಕಿದಳು. ಆ ಕುಕ್ಕಿದ ಸದ್ದಿನಿಂದಲೇ ಈ ಕಥೆಯನ್ನು ಶುರುಮಾಡುವುದು ವಾಡಿಕೆ. ಹೇಳುವವರು ಬದಲಾದಂತೆ ಒಂದು ಮಾತು ಹೆಚ್ಚುತ್ತದೆ, ಇನ್ನೊಂದು ಉದುರುತ್ತದೆ. ಆಕೆಯ ಸಿಟ್ಟು ಮಾತ್ರ ಎಲ್ಲರ ಬಾಯಲ್ಲೂ ಒಂದೇ ಅಳತೆಯಲ್ಲಿ ಉಳಿದಿದೆ.

ಅವರದು ಕಂಪ್ಯೂಟರಿನಲ್ಲಿ ಆಡುವ ಫುಟ್‌ಬಾಲ್ ಆಟವನ್ನು ತಯಾರಿಸುವ ಸ್ಟುಡಿಯೊ. ಅದನ್ನು ಸಾಕಿದ ದೊಡ್ಡ ಕಂಪನಿ ಹಲವು ಬಗೆಯ ಆಟಗಳನ್ನು ಹೊರತಂದು, ಒಂದರ ಮೇಲೊಂದು ಸೋತು, ಕೊನೆಗೆ ಮನೆ ಉಳಿಸಿಕೊಳ್ಳಲು ಹಾಲು ಕರೆಯುವ ಈ ಹಸುವನ್ನೇ ಸಂತೆಗೆ ಹೊಡೆದಿತ್ತು. ಕೊಳ್ಳುವವರು ಸಿಕ್ಕಿದ್ದರು. ಅವರದು ಒಂದೇ ಷರತ್ತು: ಆಟದೊಳಗಿನ ಪ್ರತಿಯೊಂದು ಚಲನೆಯೂ, ಅದರ ಮೂಲ ರೆಕಾರ್ಡಿಂಗಿನ ಸಮೇತ, ಅದಕ್ಕೆ ಮೈಕೊಟ್ಟು ನಟಿಸಿದವರ ಸಹಿಯೊಡನೆ ತಮ್ಮ ಕೈಸೇರಬೇಕು. ಅಂದು ಸಂಜೆಯೊಳಗೆ ಎಲ್ಲ ಕೂಡಿಬಂದರೆ ಸ್ಟುಡಿಯೊ ಇಡಿಯಾಗಿ, ಜನರ ಸಮೇತ, ಹೊಸ ಕೈಗೆ. ಇಲ್ಲವಾದರೆ ಬಾಗಿಲಿಗೆ ಬೀಗ.

ಎಲ್ಲರೂ ಸಹಿ ಹಾಕಿದ್ದರು. ಚೆಂಡಪ್ಪನೊಬ್ಬ ಹಾಕಿರಲಿಲ್ಲ.

ಆಟದೊಳಗೆ ಚೆಂಡು ಪುಟಿಯುವ, ಉರುಳುವ, ಗಾಳಿಯಲ್ಲಿ ಬಾಗುವ ಲೆಕ್ಕವನ್ನೆಲ್ಲ ಬರೆಯುವವನು ಆತ; ಹಾಗಾಗಿ ಚೆಂಡಪ್ಪ. ಆಟಗಾರರ ಕೈಕಾಲುಗಳಿಗೆ ಜೀವ ತುಂಬುವವಳು ಈಕೆ, ಹಾಗಾಗಿ ಸೂತ್ರಮ್ಮ. ನಟರನ್ನು ಕರೆಸುವಷ್ಟು ಕಂಪನಿಗೆ ಶಕ್ತಿಯಿಲ್ಲದ್ದರಿಂದ ಸ್ಟುಡಿಯೊದವರೇ ಮೈಗಂಟುವ ಕಪ್ಪು ಉಡುಪು ತೊಟ್ಟು, ಅದರ ತುಂಬ ಬಿಳಿಯ ಪುಟ್ಟ ಗುಂಡುಗಳನ್ನು ಅಂಟಿಸಿಕೊಂಡು, ಸುತ್ತಲೂ ನಿಂತ ಕ್ಯಾಮೆರಾಗಳ ನಡುವೆ ಓಡಿ ಬಿದ್ದು ಎದ್ದಿದ್ದರು. ಕ್ಯಾಮೆರಾಗಳಿಗೆ ಮನುಷ್ಯರು ಕಾಣುವುದಿಲ್ಲ, ಗುಂಡುಗಳಷ್ಟೇ ಕಾಣುತ್ತವೆ. ಆ ಗುಂಡುಗಳ ಓಟವೇ ಮುಂದೆ ಆಟಗಾರನ ಓಟವಾಗುತ್ತದೆ.

ಹಾಗೆ ರೆಕಾರ್ಡ್ ಆದವುಗಳಲ್ಲಿ ಒಂದು ಅಪ್ಪುಗೆಯಿತ್ತು. ಗೋಲು ಹೊಡೆದವನು ಓಡಿಬಂದು ಜೊತೆಗಾರನನ್ನು ತಬ್ಬಿಕೊಳ್ಳುವುದು. ಓಡಿಬಂದವನು ಚೆಂಡಪ್ಪ, ಜೊತೆಗಾರನ ಪಾತ್ರಕ್ಕೆ ಬೇರೆ ಯಾರೂ ಬಿಡುವಾಗಿಲ್ಲದೆ ನಿಂತವಳು ಸೂತ್ರಮ್ಮ. ಆಟ ಮಾರುಕಟ್ಟೆಗೆ ಬಂದ ಮೇಲೆ ಗೋಲಿಗಿಂತ ಆ ಅಪ್ಪುಗೆಗಾಗಿಯೇ ಗೋಲು ಹೊಡೆಯುವವರು ಹುಟ್ಟಿಕೊಂಡರು. ಕೊಳ್ಳುವವರು ಮೊದಲು ಕೇಳಿದ್ದೂ ಅದನ್ನೇ.

ಕ್ಯಾಪ್ಟನ್ ಎಂದರೆ ಸ್ಟುಡಿಯೊದ ಮುಖ್ಯಸ್ಥ. ಆತ ಸೂತ್ರಮ್ಮನ ಮುಂದೆ ಕೈಜೋಡಿಸಿ, ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನನ್ನು ನೀನೇ ಹೋಗಿ ಒಪ್ಪಿಸಬೇಕು ಎಂದ. ತಾನೇ ಏಕೆ ಎಂದಳು ಆಕೆ. ಅವನು ನಿನ್ನ ಮಾತನ್ನು ಮಾತ್ರ ಕಣ್ಣು ತಗ್ಗಿಸಿ ಕೇಳುತ್ತಾನೆ ಎಂದ ಕ್ಯಾಪ್ಟನ್. ಅವನು ಹಾಗೆ ಕಣ್ಣು ತಗ್ಗಿಸುವುದೇ ತನಗೆ ಆಗದು ಎಂದು ಹೇಳಬೇಕೆನಿಸಿದರೂ ಸೂತ್ರಮ್ಮ ನುಂಗಿಕೊಂಡಳು.

ಏಕೆಂದರೆ ಆ ಕಣ್ಣುಗಳ ವಿಷಯವಾಗಿ ಆಕೆ ಮನೆಯಲ್ಲಿ ಅಕ್ಕನ ತಲೆಯನ್ನು ಸಾಕಷ್ಟು ತಿಂದಾಗಿತ್ತು. ಮೊದಲೆಲ್ಲ ಎದುರಿಗೆ ಕುಳಿತು, ನಿನ್ನ ಗೋಲ್‌ಕೀಪರ್ ಬಸ್ಸಿಗೆ ಕೈತೋರಿಸುವವನ ಹಾಗೆ ನಿಂತಿದ್ದಾನೆ ಎಂದು ರೇಗಿಸುತ್ತಿದ್ದವನು, ಆ ರೆಕಾರ್ಡಿಂಗ್ ಆದ ಕೆಲವೇ ವಾರಗಳಲ್ಲಿ ಇದ್ದಕ್ಕಿದ್ದಂತೆ ‘ಮೇಡಂ’ ಎನ್ನತೊಡಗಿದ್ದ. ನೇರವಾಗಿ ನೋಡುವುದನ್ನು ಬಿಟ್ಟಿದ್ದ. ಆದರೆ ಪಕ್ಕದಲ್ಲಿ ಆರಿಸಿಟ್ಟ ಮಾನಿಟರಿನ ಕಪ್ಪು ಗಾಜಿನಲ್ಲಿ ಆಕೆಯ ನೆರಳು ಹಾಯುವಾಗ ಅವನ ಬೆರಳುಗಳು ಕೀಬೋರ್ಡಿನ ಮೇಲೆ ನಿಂತುಬಿಡುತ್ತಿದ್ದವು. ನೋಡುವುದೇ ಆದರೆ ನೆಟ್ಟಗೆ ನೋಡಬಾರದೇ? ಬಿಡುವುದಾದರೆ ಪೂರ್ತಿ ಬಿಡಬಾರದೇ? ಟೈಲರ್ ಅಂಗಡಿ ಇಟ್ಟಿದ್ದ ಅಕ್ಕ, ಬಾಯಲ್ಲಿ ಕಚ್ಚಿದ್ದ ಗುಂಡುಸೂಜಿಗಳ ನಡುವಿನಿಂದಲೇ, ಅಳತೆ ಕೊಡದೆ ಅಂಗಿ ಹೊಲಿಸಲು ಬರುವ ಗಿರಾಕಿಗಳು ಹೀಗೇ ಎಂದಿದ್ದಳು.

ಚೆಂಡಪ್ಪ ರೆಕಾರ್ಡಿಂಗ್ ಕೋಣೆಯಲ್ಲಿ ಕೇಬಲ್‌ಗಳನ್ನು ಸುತ್ತಿಡುತ್ತಿದ್ದ. ಬಾಗಿಲಲ್ಲಿ ಆಕೆಯನ್ನು ಕಂಡವನು ಕೇಬಲ್ಲನ್ನೇ ನೋಡುತ್ತ, ಕೂತ್ಕೊಳ್ಳಿ ಮೇಡಂ ಎಂದ.

“ಮೇಡಂ ಅನ್ನಬೇಡ, ಮೈ ಉರಿಯುತ್ತೆ. ಅದೇನು ಮನೆದೇವರ ವಿಗ್ರಹಾನಾ, ಮಾರಲ್ಲ ಅಂತ ಹಟ ಹಿಡಿಯೋಕೆ? ಗೋಲು ಹೊಡೆದು ಇಬ್ಬರು ತಬ್ಬಿಕೊಂಡ್ರು. ಅಷ್ಟೇ ತಾನೇ?”

“ಕ್ಲೀನ್ ಮಾಡಿರೋದನ್ನ ಮಾರಲಿ, ನಂದೇನೂ ಅಡ್ಡಿಯಿಲ್ಲ. ಮೂಲ ರೆಕಾರ್ಡಿಂಗ್ ಕೊಡಲ್ಲ.”

“ಎರಡೂ ಒಂದೇ ಅಲ್ವಾ?”

“ಒಂದೇ ಆಗಿದ್ರೆ ನೀವು ಯಾಕೆ ಕ್ಲೀನ್ ಮಾಡಿದ್ರಿ?”

ಇಂಥ ಪ್ರಶ್ನೆಗೆ ಏನೆನ್ನುವುದು? ಪಾತ್ರೆ ಯಾಕೆ ತೊಳೆದೆ ಎಂದು ಕೇಳಿದಂತಾಯಿತು. ಕ್ಯಾಮೆರಾದಿಂದ ಬಂದದ್ದರಲ್ಲಿ ಸದಾ ಕಸವಿರುತ್ತದೆ: ಗುಂಡೊಂದು ಮರೆಯಾಗುತ್ತದೆ, ಇನ್ನೊಂದು ನಡುಗುತ್ತದೆ. ಅದನ್ನು ನುಣುಪು ಮಾಡುವುದೇ ತನ್ನ ಕೆಲಸವೆಂದು ಮಗುವಿಗೆ ಹೇಳುವಂತೆ ಹೇಳಿದಳು. ಆ ರೆಕಾರ್ಡಿಂಗಿನಲ್ಲಂತೂ ಅವನ ಎಡಗೈಯ ಗುಂಡುಗಳು ಉದ್ದಕ್ಕೂ ಅದುರುತ್ತಿದ್ದವು, ಕ್ಯಾಮೆರಾ ದೋಷ. ಅದನ್ನು ಒರೆಸದೆ ಪೂಜೆ ಮಾಡಬೇಕಿತ್ತೇ?

ಅವನು ಕೇಬಲ್ ಸುತ್ತುವುದನ್ನು ನಿಲ್ಲಿಸಿದ.

“ಅಷ್ಟೂ ಕ್ಯಾಮೆರಾ ಒಟ್ಟಿಗೇ ಕೆಡುತ್ತಾ? ಅದೂ ನಿಮ್ಮ ಬೆನ್ನ ಮೇಲಿದ್ದ ಕೈಗೆ ಮಾತ್ರ?”

ಆಗಲೇ ಸೂತ್ರಮ್ಮನಿಗೆ ಹೊಳೆದದ್ದು. ನಡಿಗೆ ನೋಡಿ ಮೊಣಕಾಲಿನ ಹಳೆಯ ನೋವನ್ನು ಗುರುತಿಸುವವಳು, ಹೆಗಲು ನೋಡಿ ಸುಳ್ಳನ್ನು ಹಿಡಿಯುವವಳು, ಗಂಡಸೊಬ್ಬನ ಕೈ ತನ್ನ ಬೆನ್ನ ಮೇಲೆ ನಡುಗಿದ್ದನ್ನು ಯಂತ್ರದ ತಪ್ಪೆಂದು ತಿಳಿದು ಒರೆಸಿಹಾಕಿದ್ದಳು.

ಉಳಿದದ್ದನ್ನು ಅವನು ತುಂಡುತುಂಡಾಗಿ ಹೇಳಿದ. ರೆಕಾರ್ಡಿಂಗ್ ಆದ ದಿನ, ಇವಳಿಗೆ ಇನ್ನು ಎಲ್ಲ ತಿಳಿದುಹೋಗುತ್ತದೆಂದು ಹೆದರಿದ್ದನಂತೆ. ಆಮೇಲೆ, ತಿಳಿಯಲಿ ಎಂದು ಕಾದಿದ್ದನಂತೆ. ಕೊನೆಗೆ ಎಲ್ಲರೂ ಸೇರಿದ ಸಭೆಯಲ್ಲಿ ದೊಡ್ಡ ಪರದೆಯ ಮೇಲೆ ಆ ಅಪ್ಪುಗೆ ಮೂಡಿದಾಗ, ಅವನ ಕೈ ಆಕೆಯ ಬೆನ್ನ ಮೇಲೆ ಮಲಗಿದ ಮಗುವಿನಂತೆ ಶಾಂತವಾಗಿತ್ತು. ಇಷ್ಟು ಬಲ್ಲವಳಿಗೆ ಕಾಣಿಸದೇ ಇರುವುದುಂಟೇ? ಕಂಡಿದೆ, ನಾಲ್ಕು ಜನರ ಮುಂದೆ ಮಾನ ತೆಗೆಯದೆ ಅಳಿಸಿ ಉತ್ತರ ಕೊಟ್ಟಿದ್ದಾಳೆ ಎಂದುಕೊಂಡ. ಅಂದಿನಿಂದ ಮೇಡಂ. ಈಗ ಆ ಮೂಲವನ್ನು ಯಾರೋ ಕೊಂಡು, ಯಾವುದೋ ಕೋಣೆಯಲ್ಲಿ ಬಿಚ್ಚಿ ನೋಡಿ ನಗುವುದು ತನ್ನಿಂದ ಸಹಿಸಲಾಗದು ಎಂದ.

“ಮಹಾರಾಯ,” ಎಂದಳು ಸೂತ್ರಮ್ಮ, ಗೋಡೆಗೆ ಒರಗಿ. “ಆ ಕ್ಯಾಮೆರಾಗಳನ್ನೆಲ್ಲ ಬಿಚ್ಚಿಸಿ ರಿಪೇರಿಗೆ ಕಳಿಸಿದ್ದೆ. ಏನೂ ಕೆಟ್ಟಿಲ್ಲ ಅಂತ ರಿಪೇರಿಯವನು ವಾಪಸ್ ಕಳಿಸಿದ. ಕೆಲಸ ಬರದವನು ಅಂತ ಆ ಬಡಪಾಯಿಗೆ ಫೋನಲ್ಲಿ ಬೈದಿದ್ದೆ.”

ಅವನು ಆ ಸಭೆಯ ನಂತರ ಮೊದಲ ಬಾರಿಗೆ ನೆಟ್ಟಗೆ ನೋಡಿದ. ತುಟಿಯ ಒಂದು ತುದಿ ಮೇಲೇರಿತು. ಇನ್ನೊಂದು ಅನುಮತಿಗೆ ಕಾಯುತ್ತಿತ್ತು.

“ನಗಬೇಡ. ಆ ಮೂಲವನ್ನ ನೀನು ಒಂದು ಸಲವಾದರೂ ಕೊನೇವರೆಗೂ ನೋಡಿದೀಯಾ?”

ಧೈರ್ಯವಾಗಲಿಲ್ಲ ಎಂದ.

“ನೋಡಬೇಕಿತ್ತು. ಸಾಕು ಬಿಡಿ ಅಂತ ಅಲ್ಲಿ ನಿಂತಿದ್ದ ಟೆಸ್ಟರ್ ಮಾವ ಕೂಗಿದ ಮೇಲೂ ನಿನ್ನನ್ನ ಬಿಡದೇ ನಿಂತಿರೋದು ಯಾರು ಅಂತ ಗೊತ್ತಾಗ್ತಿತ್ತು. ಆ ತುದಿಯನ್ನ ಕತ್ತರಿಸಿದ್ದು ಮಾತ್ರ ನಾನು ಬೇಕಂತಲೇ. ಅದು ಕ್ಯಾಮೆರಾ ದೋಷ ಅಲ್ಲ ಅಂತ ನನಗೆ ಚೆನ್ನಾಗಿ ಗೊತ್ತಿತ್ತು.”

ಚೆಂಡಪ್ಪ ಒಂದು ಹೆಜ್ಜೆ ಮುಂದೆ ಬಂದ. ಸೂತ್ರಮ್ಮ ಅಂಗೈ ಎತ್ತಿ ತಡೆದಳು.

“ಅಲ್ಲೇ ನಿಂತು ಮಾತಾಡು. ಕೈ ಭುಜ ಓದಿ ಓದಿ ನನಗೆ ಸಾಕಾಗಿದೆ. ಈ ಸಲ ಬಾಯಲ್ಲಿ ಹೇಳು.”

ಅವನು ಹೇಳಹೊರಟ. ಬಾಗುವ ಚೆಂಡಿಗೆ ಪುಟಗಟ್ಟಲೆ ಲೆಕ್ಕ ಬರೆದವನಿಗೆ ಒಂದು ವಾಕ್ಯ ಕೂಡಲಿಲ್ಲ. ಕೊನೆಗೆ ಬಾಯಿಂದ ಹೊರಟದ್ದು, ಎಲ್ಲರ ಕೆಲಸದ ಪ್ರಶ್ನೆ, ಸಹಿ ಹಾಕಿಬಿಡ್ತೀನಿ ಎಂಬುದು. ಸೂತ್ರಮ್ಮ ಹಣೆ ಚಚ್ಚಿಕೊಂಡು, ಆ ಅಪ್ಪುಗೆ ಇನ್ನು ಮಾರಾಟಕ್ಕಿಲ್ಲ, ನೀನು ಹಾಕಿದರೆ ನಾನು ನನ್ನ ಸಹಿಯನ್ನು ವಾಪಸ್ ತಗೊಳ್ತೀನಿ ಎಂದಳು.

ಇಬ್ಬರೂ ಒಟ್ಟಿಗೆ ಮರಳಿ ಬಂದದ್ದನ್ನು ಕಂಡು ಕ್ಯಾಪ್ಟನ್ನನ ಮುಖ ಅರಳಿತು. ವಿಷಯ ಕೇಳಿ ಬಾಡಿತು. ಹೋದೆಯಾ ಪಿಶಾಚಿ ಎಂದರೆ ಬಂದೆ ಗವಾಕ್ಷಿಯಲ್ಲಿ ಎಂಬಂತಾಯಿತು.

“ಒಬ್ಬ ಸಹಿ ಹಾಕಲ್ಲ ಅಂತಿದ್ದ. ಒಪ್ಪಿಸೋಕೆ ನಿನ್ನನ್ನ ಕಳಿಸಿದೆ. ಈಗ ಇಬ್ಬರೂ ಹಾಕಲ್ಲ. ಮೂರನೆಯವರನ್ನ ಕಳಿಸಲಾ ಅಮ್ಮಾ, ಹೆಚ್ಚಿಸಿಕೊಂಡು ಬರೋಕೆ?”

ದೊಡ್ಡ ಕಂಪನಿ ಕಳಿಸಿದ್ದ ವಕೀಲೆ ಗಡಿಯಾರ ನೋಡುತ್ತ ಕುಳಿತಿದ್ದಳು. ಭಾವನೆಗಳಿಗೆ ತನ್ನ ಒಪ್ಪಂದದಲ್ಲಿ ಜಾಗವಿಲ್ಲವೆಂದೂ, ಆದರೆ ಒಂದು ಅಪ್ಪುಗೆಯ ಬದಲಿಗೆ ಇನ್ನೊಂದನ್ನು ಇಡಬಾರದೆಂಬ ಮಾತೂ ಅದರಲ್ಲಿಲ್ಲವೆಂದೂ, ಕೊಳ್ಳುವವರಿಗೆ ಹಿಡಿಸಿದರೆ ಸಾಕೆಂದೂ ತಿಳಿಸಿದಳು. ಈ ಕಟ್ಟಡದಲ್ಲಿ ತಬ್ಬಿಕೊಳ್ಳಲು ಬರುವವರು ಬೇರೆ ಯಾರೂ ಇಲ್ಲವೇ ಎಂದೂ ಕೇಳಿದಳು.

ಕಪ್ಪು ಉಡುಪಿನೊಳಗೆ ಕ್ಯಾಪ್ಟನ್ನನ ಹೊಟ್ಟೆಯನ್ನು ಸೇರಿಸಲು ಇಬ್ಬರು ಬೇಕಾಯಿತು. ಎದುರಿಗೆ ನಿಂತವನು ಟೆಸ್ಟರ್ ಮಾವ. ಆಟದ ತಪ್ಪುಗಳನ್ನು ಆಡಿ ಆಡಿ ಹುಡುಕುವ ಆತ, ಸ್ಟುಡಿಯೊ ಒಂದೇ ಕೋಣೆಯಲ್ಲಿದ್ದ ಕಾಲದಿಂದ ಕ್ಯಾಪ್ಟನ್ನನ ಜೊತೆಗಾರ. ಮೊದಲು ಇಬ್ಬರೂ ಎರಡು ಹಲಗೆಗಳನ್ನು ಒಂದಕ್ಕೊಂದು ಒರಗಿಸಿಟ್ಟಂತೆ ನಿಂತರು. ಜನ ನಕ್ಕರು. ಆಗ ಟೆಸ್ಟರ್ ಮಾವ ಕ್ಯಾಪ್ಟನ್ನನ ಕಿವಿಯಲ್ಲಿ, ಇವತ್ತು ಬೀಗ ಬಿದ್ದರೆ ನಾಳೆ ಬೆಳಿಗ್ಗೆ ನಾನು ಎದ್ದು ಎಲ್ಲಿಗೆ ಹೋಗಬೇಕೋ ಎಂದನಂತೆ. ಅದಾದ ಮೇಲೆ ಯಾರೂ ನಗಲಿಲ್ಲ. ಆ ಅಪ್ಪುಗೆ ಬಲು ಹೊತ್ತು ನಡೆಯಿತು.

ಸೂತ್ರಮ್ಮ ಪರದೆಯ ಮುಂದೆ ಕುಳಿತು, ಭುಜದ ಗುಂಡುಗಳು ಜಿಗಿಯುವ ಜಾಗದಲ್ಲಿ ನಿಲ್ಲಿಸಿ, ಕ್ಯಾಪ್ಟನ್ನನನ್ನು ಕರೆದು ಕೇಳಿದಳು: “ಇದು ಕ್ಯಾಮೆರಾ ದೋಷಾನಾ, ನೀವು ಅತ್ತದ್ದಾ?”

“ಕ್ಯಾಮೆರಾ ದೋಷ,” ಎಂದ ಕ್ಯಾಪ್ಟನ್, ತೋಳಿನಿಂದ ಮೂಗೊರೆಸಿಕೊಳ್ಳುತ್ತ.

ಆಕೆ ಅದನ್ನು ಮುಟ್ಟದೆ ಹಾಗೇ ಕಳಿಸಿದಳು. ಕೊಳ್ಳುವವರು ನೋಡಿದರು, ಇನ್ನೊಮ್ಮೆ ತೋರಿಸಿ ಎಂದರು, ಒಪ್ಪಿದರು. ಹಳೆಯ ಅಪ್ಪುಗೆಯನ್ನು ಆಟದಿಂದಲೂ ಒಪ್ಪಂದದಿಂದಲೂ ತೆಗೆದದ್ದಾಯಿತು.

ದೀಪಗಳು ಹೊತ್ತಿಕೊಳ್ಳುವ ಹೊತ್ತಿಗೆ ಸೂತ್ರಮ್ಮ ಬ್ಯಾಗು ಹೆಗಲಿಗೇರಿಸಿ, ನಡಿ, ಅಕ್ಕನ ಮನೆಗೆ, ದಾರಿಯಲ್ಲಿ ಹೇಳು ಎಂದಳು. ಚೆಂಡಪ್ಪ ಹೇಳತೊಡಗಿದ. ಬಸ್ ಸ್ಟಾಪಿನಲ್ಲಿ ರೆಕಾರ್ಡಿಂಗಿನ ದಿನದಿಂದ ಶುರುಮಾಡಿ ಹವಾಮಾನಕ್ಕೆ ಹೋದ. ವರದಿ ಬೇಡ, ಮಾತು ಬೇಕು ಎಂದಳು. ಬಸ್ಸಿನಲ್ಲಿ ಅರ್ಧ ವಾಕ್ಯ ಬಂತು. ಅಷ್ಟರಲ್ಲಿ ಕಂಡಕ್ಟರ್ ಚಿಲ್ಲರೆ ಕೇಳಿದ. ಮೆಟ್ಟಿಲು ಹತ್ತುವಾಗ, ಬರೆದು ಕೊಡಲಾ ಎಂದು ಕೇಳಿ, ಆಕೆಯ ನೋಟಕ್ಕೆ ಹೆದರಿ ಸುಮ್ಮನಾದ. ಆಕೆ ಬೆಲ್ ಒತ್ತಿದಳು. ಇನ್ನು ಕಾಲವಿಲ್ಲವೆಂದು ತಿಳಿದವನು ಕಣ್ಣು ಬಿಗಿಯಾಗಿ ಮುಚ್ಚಿದ, ಉಸಿರೆಳೆದುಕೊಂಡ.

“ನಿನ್ನನ್ನ ಬಿಟ್ಟಿರೋಕೆ ನನ್ನ ಕೈಲಾಗಲ್ಲ. ನನ್ನನ್ನ ಮದುವೆ ಆಗು.”

ಕಣ್ಣು ತೆರೆದಾಗ ಬಾಗಿಲು ತೆರೆದಿತ್ತು. ಹೊಸ್ತಿಲಲ್ಲಿ, ಕೊರಳಿಗೆ ಟೇಪು ಹಾಕಿಕೊಂಡು, ಅಕ್ಕ ನಿಂತಿದ್ದಳು.

“ನನಗೆ ಆಗಿದೆಯಪ್ಪಾ,” ಎಂದಳು ಅಕ್ಕ. “ಮಕ್ಕಳೂ ಇದ್ದಾರೆ. ಪಕ್ಕದಲ್ಲಿ ನಿಂತಿದ್ದಾಳಲ್ಲ, ಅವಳನ್ನ ಕೇಳು.”

ಚೆಂಡಪ್ಪ ತಿರುಗಿದ. ಈ ಬಾರಿ ಕಣ್ಣು ತೆರೆದೇ, ನೆಟ್ಟಗೆ ನೋಡುತ್ತ, ಒಂದು ಅಕ್ಷರವೂ ಬದಲಾಗದಂತೆ ಅದನ್ನೇ ಹೇಳಿದ.

ಮುಂದಿನದನ್ನು ಅಕ್ಕ ಇಂದಿಗೂ ಹೇಳುತ್ತಾಳೆ. ಸೂತ್ರಮ್ಮ ಬ್ಯಾಗನ್ನು ಇಳಿಸಿದಳಂತೆ, ಕೆನ್ನೆಗೆ ಬಂದ ಕೂದಲನ್ನು ಸಿಡುಕಿನಿಂದ ಹಿಂದೆ ತಳ್ಳಿದಳಂತೆ.

“ಎರಡು ಮಾತಿಗೆ ಇಷ್ಟು ಕಾಲ ತಗೊಂಡೆಯಲ್ಲ,” ಎಂದಳು. “ಆಗ್ತೀನಿ. ಬೂಟು ಕಳಚಿ ಒಳಗೆ ಬಾ.”